ಅಟೆಂಡರ್ ಇಲ್ಲದ ರೋಗಿ: ವಿದೇಶಿ ಪ್ರವಾಸಿಗರಿಗೆ ಮಾನಸಿಕ ಕಾಯಿಲೆ ಬಂದಾಗ

(ತಾಲ್ಲೂಕು ಆಸ್ಪತ್ರೆಗಳ ವೈದ್ಯರು, ನರ್ಸ್‌ಗಳು, ಪೊಲೀಸರು ಮತ್ತು ಹೋಮ್‌ಸ್ಟೇ ನಡೆಸುವವರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ನಮ್ಮ ಆಸ್ಪತ್ರೆಗಳ ಮನೋವೈದ್ಯ ವಿಭಾಗ ನಡೆಯುವುದೇ ರೋಗಿಯ ಜೊತೆಗಿದ್ದು ನೋಡಿಕೊಳ್ಳುವ ಮನೆಯವರ, ಅಂದರೆ ಅಟೆಂಡರ್‌ಗಳ ಬಲದ ಮೇಲೆ. ಕಾಯಿಲೆ ಯಾವಾಗ ಶುರುವಾಯಿತು ಎಂದು ಹೇಳುವವರು ಅವರು. ಔಷಧಿ ಅಂಗಡಿಗೆ ಓಡುವವರು, ರಕ್ತದ ಸ್ಯಾಂಪಲ್ ಲ್ಯಾಬಿಗೆ ಮುಟ್ಟಿಸುವವರು, ಊಟ ಮಾಡಿಸುವವರು, ರಾತ್ರಿ ಮಂಚದ ಪಕ್ಕ ಚಾಪೆ ಹಾಸಿ ಮಲಗುವವರು, ಕಾಗದಕ್ಕೆ ಸಹಿ ಹಾಕುವವರೂ ಅವರೇ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ಆವರಣದಲ್ಲೇ ಟೆಂಟ್ ಹಾಕಿಸಿ ರೋಗಿಯ ಜೊತೆ ಮನೆಯವರನ್ನೂ ಇರಿಸಿಕೊಂಡರು. ಮುಂದೆ ನಿಮ್ಹಾನ್ಸ್ ಸೇರಿದಂತೆ ದೊಡ್ಡ ಸಂಸ್ಥೆಗಳು ಅದೇ ದಾರಿ ಹಿಡಿದವು. ಅದು ನಮ್ಮ ವ್ಯವಸ್ಥೆಯ ದೊಡ್ಡ ಶಕ್ತಿ. ಆದರೆ ಗೋಕರ್ಣದ ಓಂ ಬೀಚಿನಿಂದಲೋ, ಆನೆಗೊಂದಿ ಕಡೆಯ ಹೋಮ್‌ಸ್ಟೇಯಿಂದಲೋ, ಮೈಸೂರಿನ ಗೋಕುಲಂನಲ್ಲಿ ಯೋಗ ಕಲಿಯಲು ಹಿಡಿದ ಬಾಡಿಗೆ ಕೋಣೆಯಿಂದಲೋ ಕರೆತಂದ ವಿದೇಶಿಯ ಜೊತೆ ಅಟೆಂಡರ್ ಇರುವುದಿಲ್ಲ. ಹಳೆಯ ಚೀಟಿ ಇರುವುದಿಲ್ಲ. ಎಷ್ಟೋ ಸಲ ಮಾತೂ ಅರ್ಥವಾಗುವುದಿಲ್ಲ.

ಆಗ ಸಾಮಾನ್ಯವಾಗಿ ಆಗುವುದೇನು? ಒಂದೋ ‘ಗಾಂಜಾ ಕೇಸು’ ಎಂದು ಠಾಣೆಯ ಬೆಂಚಿನ ಮೇಲೆ ಕೂರಿಸುತ್ತಾರೆ, ಇಲ್ಲವೇ ‘ಮೊದಲು ಅವರ ದೇಶಕ್ಕೆ ಕಳಿಸಿಬಿಡಿ’ ಎಂದು ಟಿಕೆಟ್ ಹುಡುಕುತ್ತಾರೆ. ಎರಡರಿಂದಲೂ ಪ್ರಾಣಕ್ಕೇ ಅಪಾಯವಾಗಬಹುದು. ಮೊದಲು ಚಿಕಿತ್ಸೆ, ಆಮೇಲೆ ವಿಮಾನ. ಅಟೆಂಡರ್ ಮಾಡುತ್ತಿದ್ದ ಒಂದೊಂದು ಕೆಲಸಕ್ಕೂ ಹೆಸರು ಹಿಡಿದು ಒಬ್ಬೊಬ್ಬರನ್ನು ಹೊಂದಿಸಬೇಕು. ಇಷ್ಟನ್ನು ಮಾಡಿಕೊಳ್ಳಲು ಕಾನೂನು ನಮಗೆ ಕೊಡುವ ಸಮಯ 72 ಗಂಟೆ.

ಪ್ರವಾಸಿ ತಾಣಗಳ ಆಸ್ಪತ್ರೆಗಳಿಗೆ ಇದು ಹೊಸದಲ್ಲ. ಜೆರುಸಲೇಮಿಗೆ ಬಂದು ಅಸ್ವಸ್ಥರಾದ ಪ್ರವಾಸಿಗರನ್ನು ಕ್ಫಾರ್ ಶಾವುಲ್ ಎಂಬ ಒಂದೇ ಆಸ್ಪತ್ರೆಗೆ ಕಳಿಸುವ ಏರ್ಪಾಡು ಇತ್ತು. 1980ರಿಂದ 1993ರವರೆಗೆ ಸುಮಾರು 1,200 ಜನ ಅಲ್ಲಿಗೆ ಬಂದರು, 470 ಜನರನ್ನು ದಾಖಲಿಸಿಕೊಳ್ಳಬೇಕಾಯಿತು. ಪವಿತ್ರ ನಗರ ತಲೆ ಕೆಡಿಸುತ್ತದೆ ಎಂದು ಪತ್ರಿಕೆಗಳು ಬರೆದವು. ಆದರೆ ಅಲ್ಲಿನ ವೈದ್ಯರ ಲೆಕ್ಕದಲ್ಲಿ, ಮೊದಲು ಯಾವ ಮಾನಸಿಕ ತೊಂದರೆಯೂ ಇಲ್ಲದೆ ಅಲ್ಲಿಗೆ ಬಂದ ಮೇಲಷ್ಟೇ ಅಸ್ವಸ್ಥರಾದವರು 42 ಜನ ಮಾತ್ರ. ಇಟಲಿಯ ಫ್ಲಾರೆನ್ಸ್‌ನ ಸಾಂತಾ ಮರಿಯಾ ನುವೋವಾ ಆಸ್ಪತ್ರೆಯಲ್ಲಿ ಡಾ. ಗ್ರಾಸಿಯೆಲ್ಲಾ ಮಾಗೆರಿನಿ ಅವರು 106 ಪ್ರವಾಸಿಗರನ್ನು ಅಧ್ಯಯನ ಮಾಡಿದಾಗಲೂ ಅರ್ಧಕ್ಕಿಂತ ಹೆಚ್ಚು ಜನ ಮೊದಲೇ ಮನೋವೈದ್ಯರನ್ನು ಕಂಡವರಾಗಿದ್ದರು. ಆದ್ದರಿಂದ ಊರಿನ ಮಹಿಮೆಯನ್ನು ಬದಿಗಿಟ್ಟು ಹಳೆಯ ಕಾಯಿಲೆಯನ್ನು ಹುಡುಕುವುದು ಮೊದಲ ಕೆಲಸ.

ಹಳೆಯ ಕಾಯಿಲೆ ಪ್ರವಾಸದಲ್ಲೇ ಏಕೆ ಏಳುತ್ತದೆ? ‘ಈಗ ಆರಾಮಾಗಿದ್ದೇನೆ, ರಜೆಯಲ್ಲಿ ಮಾತ್ರೆ ಯಾಕೆ’ ಎಂದು ಬಿಟ್ಟವರು ಅನೇಕರು. ಮಾತ್ರೆಯಿದ್ದ ಬ್ಯಾಗು ರೈಲಿನಲ್ಲಿ ಕಳೆದುಹೋಗಿರಬಹುದು. ನಿದ್ರೆ ಕೆಡುವುದು ಇನ್ನೊಂದು ಕಾರಣ. ಉನ್ಮಾದ, ಖಿನ್ನತೆಗಳು ಮರುಕಳಿಸುವ ಬೈಪೋಲಾರ್ ಕಾಯಿಲೆ ಇರುವವರಿಗೆ ಎರಡು ರಾತ್ರಿ ನಿದ್ದೆ ಕೆಟ್ಟರೂ ಉನ್ಮಾದ ಕೆರಳಬಹುದು. 1982ರಲ್ಲಿ ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದಿಂದ ಆಸ್ಪತ್ರೆ ಸೇರಿದವರ ಅಧ್ಯಯನವೊಂದರಲ್ಲಿ ಪೂರ್ವಕ್ಕೆ ಹಾರಿ ಬಂದವರಲ್ಲಿ ಉನ್ಮಾದ, ಪಶ್ಚಿಮಕ್ಕೆ ಹಾರಿ ಬಂದವರಲ್ಲಿ ಖಿನ್ನತೆ ಹೆಚ್ಚು ಕಂಡಿತ್ತು. ಯುರೋಪಿನಿಂದ ಬೆಂಗಳೂರಿಗೆ ಬರುವುದು ಪೂರ್ವದ ಪ್ರಯಾಣ. ಅದರ ಮೇಲೆ ಬೆಳಗಿನ ಜಾವಕ್ಕೇ ಏಳುವ ಧ್ಯಾನ ಶಿಬಿರ, ಹತ್ತು ದಿನದ ಮೌನ, ಉಪವಾಸ, ಭಂಗಿ, ಗಾಂಜಾ, ಎಲ್‌ಎಸ್‌ಡಿ ಸೇರಿಕೊಂಡರೆ ಕೇಳುವುದೇ ಬೇಡ.

ಬೈಪೋಲಾರ್ ಕಾಯಿಲೆಗೆ ಕೊಡುವ ಲೀಥಿಯಂ ಅನ್ನು ತಪ್ಪದೆ ತೆಗೆದುಕೊಳ್ಳುವ ಶಿಸ್ತಿನ ರೋಗಿಗೂ ನಮ್ಮ ಹವೆಯಲ್ಲಿ ಅಪಾಯವಿದೆ. ಬಿಸಿಲು, ವಾಂತಿ-ಭೇದಿ, ಅದಕ್ಕೊಂದು ಐಬುಪ್ರೊಫೆನ್ ಅಥವಾ ಡೈಕ್ಲೊಫೆನಾಕ್ ನೋವಿನ ಮಾತ್ರೆ: ಮೂರೂ ಸೇರಿದರೆ ಮೂತ್ರಪಿಂಡ ಲೀಥಿಯಂ ಅನ್ನು ಹೊರಹಾಕುವುದು ಕಡಿಮೆಯಾಗಿ ರಕ್ತದಲ್ಲಿ ಅದರ ಮಟ್ಟ ಏರುತ್ತದೆ. ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಇರಬೇಕಾದದ್ದು 1.5 ದಾಟಿದರೆ ಕೈ ಜೋರಾಗಿ ನಡುಗುತ್ತದೆ, ಮಾತು ತೊದಲುತ್ತದೆ, ನಡಿಗೆ ತೂರಾಡುತ್ತದೆ. ನೋಡಿದವರು ಕುಡಿದಿದ್ದಾರೆ ಎಂದುಕೊಳ್ಳುತ್ತಾರೆ. ಆಗ ಲೀಥಿಯಂ ನಿಲ್ಲಿಸಿ ಸಲೈನ್ ಹಾಕಬೇಕು. ಮಟ್ಟ ತೀರಾ ಏರಿದ್ದರೆ ಡಯಾಲಿಸಿಸ್ ಬೇಕು.

ಕ್ಯಾಶುವಾಲ್ಟಿಗೆ ಬಂದೊಡನೆ ಕೇಳಿಕೊಳ್ಳಬೇಕಾದ ಪ್ರಶ್ನೆ: ಇದು ಮನೋರೋಗವೋ, ಸನ್ನಿಯೋ (ದೇಹದ ಕಾಯಿಲೆಯಿಂದ ಮಿದುಳು ಗಲಿಬಿಲಿಗೊಂಡ ಸ್ಥಿತಿ)? ಮಿದುಳಿಗೇರಿದ ಮಲೇರಿಯಾ, ಟೈಫಾಯ್ಡ್, ಮಿದುಳಿನ ಉರಿಯೂತ, ಬಿಸಿಲಿನ ಆಘಾತ, ಸೋಡಿಯಂ ಕುಸಿತ, ತಲೆಗೆ ಪೆಟ್ಟು, ಕುಡಿತ ನಿಲ್ಲಿಸಿದ ಎರಡು-ಮೂರನೇ ದಿನದ ಸನ್ನಿ, ಇವೆಲ್ಲ ‘ಹುಚ್ಚಿನ’ ವೇಷದಲ್ಲೇ ಬರುತ್ತವೆ. ಸನ್ನಿಯಲ್ಲಿ ರೋಗಿ ಒಂದು ಗಳಿಗೆ ಸರಿಯಾಗಿ ಮಾತಾಡಿ ಮರುಗಳಿಗೆ ಎಲ್ಲಿದ್ದೇನೆಂದೇ ತಿಳಿಯದಂತಾಗುತ್ತಾನೆ. ಇಲ್ಲದ ಹುಳ, ಪ್ರಾಣಿ ಕಣ್ಣಿಗೆ ಕಾಣುತ್ತವೆ. ಡಿಸೆಂಬರಿನಿಂದ ಹಿಂದಕ್ಕೆ ತಿಂಗಳು ಹೇಳು ಎಂದರೆ ಎರಡು ತಿಂಗಳಿಗೇ ತಪ್ಪುತ್ತಾನೆ. ಜ್ವರ, ನಾಡಿ, ಬಿಪಿ, ಆಮ್ಲಜನಕ, ಗ್ಲುಕೋಮೀಟರಿನಲ್ಲಿ ಸಕ್ಕರೆ: ಐದೇ ನಿಮಿಷದ ಕೆಲಸ. ನಂತರ ಸೋಡಿಯಂ, ಕ್ರಿಯಾಟಿನಿನ್, ಮಲೇರಿಯಾ ಪರೀಕ್ಷೆ, ಇಸಿಜಿ, ಮಹಿಳೆಯಾದರೆ ಗರ್ಭ ಪರೀಕ್ಷೆ. ಜ್ವರದ ಜೊತೆ ಗೊಂದಲವಿದ್ದರೆ ಮನೋವೈದ್ಯರಿಗಿಂತ ಮೊದಲು ಫಿಸಿಶಿಯನ್ ನೋಡಬೇಕು. ಮೂತ್ರದಲ್ಲಿ ಗಾಂಜಾ ಸಿಕ್ಕಿತೆಂದು ಹುಡುಕಾಟ ನಿಲ್ಲಿಸುವುದು ದೊಡ್ಡ ತಪ್ಪು. ವಾರಗಳ ಹಿಂದೆ ಸೇದಿದ್ದೂ ಅದರಲ್ಲಿ ಕಾಣುತ್ತದೆ, ಮಲೇರಿಯಾ ಬಂದವರೂ ಗಾಂಜಾ ಸೇದಿರಬಹುದು.

ಕೂಗಾಟ, ಹೊಡೆದಾಟ ಇದ್ದರೆ ಏನು ಕೊಡಬೇಕು ಎಂಬುದಕ್ಕೆ ನೆರೆಯ ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲೇ ನಡೆದ ಒಳ್ಳೆಯ ಅಧ್ಯಯನಗಳಿವೆ. ಹ್ಯಾಲೊಪೆರಿಡಾಲ್ 10 ಮಿ.ಗ್ರಾಂ ಜೊತೆ ಪ್ರೊಮೆಥಜಿನ್ 25ರಿಂದ 50 ಮಿ.ಗ್ರಾಂ ಸ್ನಾಯುವಿಗೆ ಚುಚ್ಚಿದಾಗ ಲೊರಾಜೆಪಾಮ್ 4 ಮಿ.ಗ್ರಾಂಗಿಂತ ಬೇಗ ಶಾಂತರಾದರು ಎಂದು 2004ರಲ್ಲಿ ಅಲ್ಲಿಯವರು ತೋರಿಸಿದರು. ಮೊದಲ ಸಲ ಈ ಔಷಧಿ ಪಡೆಯುವ ಸಣ್ಣ ಮೈಕಟ್ಟಿನವರಿಗೆ 5 ಮಿ.ಗ್ರಾಂನಿಂದ ಶುರುಮಾಡಿದರೂ ಸಾಕು. ಪ್ರೊಮೆಥಜಿನ್ ಬಿಟ್ಟು ಬರೀ ಹ್ಯಾಲೊಪೆರಿಡಾಲ್ ಕೊಡಬೇಡಿ. ಅದರ ಅಡ್ಡಪರಿಣಾಮದಿಂದ ಕುತ್ತಿಗೆ ತಿರುಚಿಕೊಂಡು, ಕಣ್ಣು ಮೇಲಕ್ಕೆ ಸಿಕ್ಕಿಕೊಂಡರೆ ಆ ನೋವು ಒಂದು ಕಡೆ, ‘ಇವರು ನನಗೆ ವಿಷ ಹಾಕುತ್ತಿದ್ದಾರೆ’ ಎಂದು ಮೊದಲೇ ಅನುಮಾನಪಡುತ್ತಿದ್ದವರಿಗೆ ಅದು ಖಾತ್ರಿಯಾಗಿಬಿಡುವುದು ಇನ್ನೊಂದು ಕಡೆ. ಆಮೇಲೆ ಅವರು ಯಾವ ಮಾತ್ರೆಯನ್ನೂ ನುಂಗುವುದಿಲ್ಲ. ಕುಡಿತ ಬಿಟ್ಟ ಸನ್ನಿಯಾದರೆ ಲೆಕ್ಕ ಬೇರೆ: ಅಲ್ಲಿ ಲೊರಾಜೆಪಾಮ್ ಬೇಕು, ಗ್ಲುಕೋಸ್ ಹಾಕುವ ಮೊದಲು ಥಯಮಿನ್ ಬೇಕು. ಚುಚ್ಚಿದ ಮೊದಲ ಒಂದು ಗಂಟೆ ಹದಿನೈದು ನಿಮಿಷಕ್ಕೊಮ್ಮೆ ಉಸಿರು, ನಾಡಿ ನೋಡಿ ಬರೆಯಿರಿ.

ಈಗ ರೋಗಿಯ ಬ್ಯಾಗಿಗೆ ಬರೋಣ. ಹಳೆಯ ಚೀಟಿಯ ಬದಲಿಗೆ ನಮಗಿರುವುದು ಅದೊಂದೇ. ಇಬ್ಬರು ಸಿಬ್ಬಂದಿ ಎದುರಿಗಿದ್ದು ತೆರೆಯಬೇಕು. ಪಾಸ್‌ಪೋರ್ಟ್, ಹಣ, ಫೋನು, ಮಾತ್ರೆ ಎಲ್ಲವನ್ನೂ ಪಟ್ಟಿ ಮಾಡಿ ಇಬ್ಬರೂ ಸಹಿ ಹಾಕಬೇಕು. ಮಾತ್ರೆಯ ಸ್ಟ್ರಿಪ್ ಕೈಗೆತ್ತಿಕೊಳ್ಳಿ. ದೊಡ್ಡ ಅಕ್ಷರದ ಬ್ರ್ಯಾಂಡ್ ಹೆಸರು ನಮಗೆ ಗೊತ್ತಿರುವುದಿಲ್ಲ, ಅದರ ಕೆಳಗಿನ ಸಣ್ಣ ಅಕ್ಷರದ ಮೂಲ ಔಷಧಿಯ ಹೆಸರನ್ನು ಓದಿ. ಜರ್ಮನಿಯ ‘ಕ್ವಿಲೊನುಮ್’ ಎಂದರೆ ಲೀಥಿಯಂ, ‘ಲೆಪೊನೆಕ್ಸ್’ ಎಂದರೆ ಕ್ಲೋಜಪಿನ್, ಯುರೋಪಿನ ‘ಡೆಪಾಕಿನ್’ ನಮ್ಮ ವ್ಯಾಲ್‌ಪ್ರೊಯೇಟ್. ಹೀಬ್ರೂ, ರಷ್ಯನ್ ಲಿಪಿಯಿದ್ದರೆ ಫೋಟೋ ತೆಗೆದು ಮನೆಯವರಿಗೆ ಕಳಿಸಿ ಕೇಳಿ. ಆಮೇಲೆ ಉಳಿದ ಗುಳಿಗೆಗಳನ್ನು ಎಣಿಸಿ. ಔಷಧಿ ಕೊಂಡ ತಾರೀಕು ಡಬ್ಬದ ಮೇಲಿದ್ದು, ಎಷ್ಟು ಉಳಿದಿವೆ ಎಂದು ಗೊತ್ತಾದರೆ ಯಾವಾಗ ನಿಲ್ಲಿಸಿದರು ಎಂಬ ಅಂದಾಜು ಸಿಗುತ್ತದೆ. ಕ್ಲೋಜಪಿನ್‌ನಲ್ಲಿ ಈ ಅಂದಾಜೇ ಜೀವ ಉಳಿಸುತ್ತದೆ. 48 ಗಂಟೆಗಿಂತ ಹೆಚ್ಚು ಕಾಲ ಬಿಟ್ಟಿದ್ದರೆ ಹಳೆಯ 300 ಮಿ.ಗ್ರಾಂ ಅನ್ನು ಒಮ್ಮೆಲೇ ಕೊಡುವಂತಿಲ್ಲ, 12.5 ಮಿ.ಗ್ರಾಂನಿಂದ ಮತ್ತೆ ಹತ್ತಬೇಕು. ಇಲ್ಲದಿದ್ದರೆ ಬಿಪಿ ಕುಸಿಯಬಹುದು, ಫಿಟ್ಸ್ ಬರಬಹುದು.

ಜೊತೆಯ ಗೆಳೆಯರನ್ನು ಒಬ್ಬೊಬ್ಬರಾಗಿ, ಪೊಲೀಸರಿಲ್ಲದ ಕೋಣೆಯಲ್ಲಿ ಮಾತಾಡಿಸಿ. ಏನು ಸೇದಿದರು, ಏನು ನುಂಗಿದರು ಎಂದು ಹೇಳಿದರೆ ತಾವೂ ಜೈಲಿಗೆ ಹೋಗುತ್ತೇವೆಂಬ ಹೆದರಿಕೆ ಅವರಿಗಿರುತ್ತದೆ. ‘ಇದು ಚಿಕಿತ್ಸೆಗಾಗಿ ಕೇಳುತ್ತಿರುವುದು’ ಎಂದು ಮೊದಲೇ ಹೇಳಿದರೆ ಬಾಯಿ ಬಿಡುತ್ತಾರೆ. ಇದ್ದಕ್ಕಿದ್ದಂತೆ ಬದಲಾದರೋ, ವಾರಗಳಿಂದ ಬದಲಾಗುತ್ತಿದ್ದರೋ? ಹಣ ಹಂಚಿದರೋ, ಪಾಸ್‌ಪೋರ್ಟ್ ಎಸೆದರೋ? ಎಷ್ಟು ರಾತ್ರಿಯಿಂದ ನಿದ್ದೆಯಿಲ್ಲ? ಇವು ಮುಖ್ಯ. ಜಟೆ ಬಿಟ್ಟಿದ್ದಾರೆ, ಬರಿಗಾಲಲ್ಲಿ ಓಡಾಡುತ್ತಾರೆ, ಸಮುದ್ರಕ್ಕೆ ಕೈಮುಗಿಯುತ್ತಾರೆ ಎಂಬುದು ಕಾಯಿಲೆಯ ಲಕ್ಷಣವಲ್ಲ. ಸಮಾಜದ ರೂಢಿಗೋ ಧಾರ್ಮಿಕ ನಂಬಿಕೆಗೋ ಹೊಂದದ ನಡವಳಿಕೆಯನ್ನೇ ಆಧಾರ ಮಾಡಿಕೊಂಡು ಮಾನಸಿಕ ಕಾಯಿಲೆ ಎಂದು ತೀರ್ಮಾನಿಸಬಾರದೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 3ನೇ ಕಲಮು ಸ್ಪಷ್ಟವಾಗಿ ಹೇಳುತ್ತದೆ.

ಆ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಅದರ 18ನೇ ಕಲಮು ಚಿಕಿತ್ಸೆಯ ಹಕ್ಕನ್ನು ‘ಪ್ರತಿಯೊಬ್ಬ ವ್ಯಕ್ತಿ’ಗೆ ಕೊಟ್ಟಿದೆ, ‘ಪ್ರತಿಯೊಬ್ಬ ನಾಗರಿಕ’ನಿಗೆ ಎಂದಿಲ್ಲ. ಹಾಗಾಗಿ ವಿದೇಶಿಗೂ ಇದೇ ಕಾನೂನು. ಪೊಲೀಸರಿಗೆ ಹೇಳಬೇಕಾದ್ದು 100ನೇ ಕಲಮು: ತನ್ನನ್ನು ತಾನು ನೋಡಿಕೊಳ್ಳಲಾಗದೆ ಅಲೆಯುತ್ತಿರುವವರನ್ನು ರಕ್ಷಣೆಗೆ ತೆಗೆದುಕೊಂಡರೆ 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಮುಟ್ಟಿಸಬೇಕು, ಯಾವ ಕಾರಣಕ್ಕೂ ಲಾಕಪ್ಪಿನಲ್ಲಿ ಇಡುವಂತಿಲ್ಲ. ಮನೆಯವರನ್ನು ಪತ್ತೆಹಚ್ಚುವ ಹೊಣೆಯೂ ಠಾಣಾಧಿಕಾರಿಯದೇ. ವಿದೇಶಿಯರ ವಿಷಯದಲ್ಲಿ ಇದು ಸುಲಭ. ಲಾಡ್ಜಿನವರು ತುಂಬುವ ‘ಸಿ ಫಾರ್ಮ್’ನಲ್ಲಿ ಪಾಸ್‌ಪೋರ್ಟ್ ಸಂಖ್ಯೆ, ವೀಸಾ, ಹಿಂದೆ ಎಲ್ಲಿದ್ದರು ಎಂಬುದೆಲ್ಲ ಇರುತ್ತದೆ. ಹೋಮ್‌ಸ್ಟೇಯವರು ಅದನ್ನು 24 ಗಂಟೆಯೊಳಗೆ ತಪ್ಪದೆ ತುಂಬಿದ್ದರೆ, ಪಾಸ್‌ಪೋರ್ಟ್ ಸಮುದ್ರಕ್ಕೆ ಹೋಗಿದ್ದರೂ ಗುರುತು ಉಳಿದಿರುತ್ತದೆ.

ದಾಖಲಾತಿಯಲ್ಲಿ ಎಡವುವುದು ಇಲ್ಲೇ. ರೋಗಿ ಒಪ್ಪಿದರೆ 86ನೇ ಕಲಮಿನಡಿ ತಾನೇ ಸಹಿ ಹಾಕಿ ಸೇರಬಹುದು. ಭಾಷೆ ಬಾರದಿರುವುದು ಬೇರೆ, ನಿರ್ಧರಿಸುವ ಸಾಮರ್ಥ್ಯ ಇಲ್ಲದಿರುವುದು ಬೇರೆ. ತನಗೆ ತಿಳಿಯುವ ಭಾಷೆಯಲ್ಲಿ ಹೇಳಿದ ಮೇಲೂ ಅರ್ಥವಾಗದಿದ್ದರೆ ಮಾತ್ರ ಸಾಮರ್ಥ್ಯದ ಪ್ರಶ್ನೆ ಬರುತ್ತದೆ. ಒಪ್ಪದ, ಅಪಾಯದಲ್ಲಿರುವ ರೋಗಿಗೆ 89ನೇ ಕಲಮಿನ ಬೆಂಬಲಿತ ದಾಖಲಾತಿ, 30 ದಿನದವರೆಗೆ. ಅದಕ್ಕೆ ಇಬ್ಬರು ಬೇರೆ ಬೇರೆಯಾಗಿ ಪರೀಕ್ಷಿಸಿರಬೇಕು, ಅವರಲ್ಲಿ ಒಬ್ಬರು ಮನೋವೈದ್ಯರೇ ಆಗಿರಬೇಕು. ಜೊತೆಗೆ ನಾಮನಿರ್ದೇಶಿತ ಪ್ರತಿನಿಧಿಯ (ಚಿಕಿತ್ಸೆಯ ವಿಷಯದಲ್ಲಿ ರೋಗಿಯ ಪರವಾಗಿ ನಿಲ್ಲುವವರ) ಅರ್ಜಿ ಬೇಕು. ಮನೆಯವರಿಲ್ಲದ ವಿದೇಶಿಗೆ ಆ ಪ್ರತಿನಿಧಿ ಯಾರು? ಅದು ತೀರ್ಮಾನವಾಗುವವರೆಗೆ 94ನೇ ಕಲಮಿನ ತುರ್ತು ಚಿಕಿತ್ಸೆ ಇದೆ, ಗರಿಷ್ಠ 72 ಗಂಟೆ. ಆ ಅವಧಿಯಲ್ಲಿ ಇಸಿಟಿ (ವಿದ್ಯುತ್ ಚಿಕಿತ್ಸೆ) ಕೊಡುವಂತಿಲ್ಲ.

ಆ 72 ಗಂಟೆಯಲ್ಲಿ ಪ್ರತಿನಿಧಿಯನ್ನು ಹುಡುಕಲು ಮೂರು ದಾರಿ. ರೋಗಿ ತಿಳಿಯಾಗಿರುವ ಹೊತ್ತು ನೋಡಿ, ಬಿಳಿ ಹಾಳೆಯ ಮೇಲೆ ‘ಇಂಥವರು ನನ್ನ ಪ್ರತಿನಿಧಿ’ ಎಂದು ಬರೆದು ಸಹಿ ಹಾಕಿಸಿದರೆ ಸಾಕು, ಛಾಪಾ ಕಾಗದ ಬೇಕಿಲ್ಲ. ಎರಡನೆಯದು ಸಂಬಂಧಿಕರು. ಪ್ರತಿನಿಧಿ ಭಾರತದಲ್ಲೇ ಇರಬೇಕು ಎಂಬ ಷರತ್ತು ಕಾಯ್ದೆಯಲ್ಲಿಲ್ಲ. ವಯಸ್ಕರಾಗಿರಬೇಕು, ಸಮರ್ಥರಾಗಿರಬೇಕು, ಲಿಖಿತ ಒಪ್ಪಿಗೆ ಕೊಡಬೇಕು. ತಾಯಿಯ ಸಹಿಯ ಪತ್ರ, ಆಕೆಯ ಪಾಸ್‌ಪೋರ್ಟಿನ ಪ್ರತಿ ಇಮೇಲಿನಲ್ಲಿ ತರಿಸಿಕೊಂಡು ಕೇಸ್ ಶೀಟಿಗೆ ಸೇರಿಸಿ. ಇದೂ ಆಗದಿದ್ದರೆ, ಮಾನಸಿಕ ರೋಗಿಗಳಿಗಾಗಿ ದುಡಿಯುವ ನೋಂದಾಯಿತ ಸಂಸ್ಥೆಯ ಒಬ್ಬರನ್ನು ತಾತ್ಕಾಲಿಕವಾಗಿ ಆ ಜಾಗದಲ್ಲಿ ನಿಲ್ಲಿಸಿ, ಈ ಕಾಯ್ದೆಯಡಿಯ ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಗೆ ಬರೆಯಬೇಕು. ಬೆಂಬಲಿತ ದಾಖಲಾತಿಯಾದ 7 ದಿನದೊಳಗೆ, ಮಹಿಳೆ ಅಥವಾ ಅಪ್ರಾಪ್ತರಾದರೆ 3 ದಿನದೊಳಗೆ, ಮಂಡಳಿಗೆ ತಿಳಿಸಲೇಬೇಕು. ಅಂಥ ಸಂಸ್ಥೆಯ ಹೆಸರು, ಫೋನ್ ಸಂಖ್ಯೆಯನ್ನು ಪ್ರವಾಸದ ಹಂಗಾಮು ಶುರುವಾಗುವ ಮೊದಲೇ ಕ್ಯಾಶುವಾಲ್ಟಿಯ ಗೋಡೆಗೆ ಅಂಟಿಸಿಡಿ. ರಾತ್ರಿ ಎರಡು ಗಂಟೆಗೆ ಹುಡುಕಿದರೆ ಯಾರೂ ಸಿಗುವುದಿಲ್ಲ.

ರಾಯಭಾರ ಕಚೇರಿಯ ಬಗ್ಗೆ ನಮ್ಮಲ್ಲಿ ಅತಿಯಾದ ನಿರೀಕ್ಷೆಯಿದೆ. ಜರ್ಮನಿ, ಫ್ರಾನ್ಸ್, ಇಸ್ರೇಲ್ ದೇಶಗಳ ಕಾನ್ಸುಲೇಟುಗಳು ಬೆಂಗಳೂರಿನಲ್ಲೇ ಇವೆ, ಬ್ರಿಟನ್ನಿನ ಉಪ ಹೈಕಮಿಷನ್ ಕೂಡ, ರಷ್ಯನ್ನರದು ಚೆನ್ನೈನಲ್ಲಿ. ಅವರು ಮನೆಯವರನ್ನು ಹುಡುಕಿಕೊಡುತ್ತಾರೆ, ಕಳೆದ ಪಾಸ್‌ಪೋರ್ಟಿಗೆ ತುರ್ತು ಪ್ರಯಾಣ ಪತ್ರ ಕೊಡುತ್ತಾರೆ, ಅನುವಾದಕರ ಪಟ್ಟಿ ಕಳಿಸುತ್ತಾರೆ. ಆಸ್ಪತ್ರೆಯ ಬಿಲ್ ಕಟ್ಟುವುದು ಅವರ ಕೆಲಸವಲ್ಲ, ಚಿಕಿತ್ಸೆಗೆ ಒಪ್ಪಿಗೆಯ ಸಹಿಯನ್ನೂ ಹಾಕುವುದಿಲ್ಲ. 1963ರ ವಿಯೆನ್ನಾ ಕಾನ್ಸುಲರ್ ಒಪ್ಪಂದದ 37ನೇ ವಿಧಿಯಂತೆ, ಸಾಮರ್ಥ್ಯ ಕಳೆದುಕೊಂಡ ವಿದೇಶಿಗೆ ಪಾಲಕರನ್ನು ನೇಮಿಸಬೇಕಾದ ಸಂದರ್ಭ ಬಂದರೆ ಅವರ ಕಾನ್ಸುಲೇಟಿಗೆ ತಡಮಾಡದೆ ತಿಳಿಸಬೇಕು. ಉಳಿದಂತೆ ರೋಗಿಯನ್ನು ಕೇಳಿಯೇ ತಿಳಿಸುವುದು ಸರಿ. ತನ್ನ ಸರ್ಕಾರಕ್ಕೇ ಹೆದರಿ ದೇಶ ಬಿಟ್ಟವರೂ ಇರುತ್ತಾರೆ.

ಗೋಪ್ಯತೆಯ ಹೆಸರಿನಲ್ಲಿ ಒಂದು ವಿಚಿತ್ರ ಕಟ್ಟುಪಾಡು ಬೆಳೆದಿದೆ. ವಿದೇಶದಿಂದ ತಂದೆ ಕರೆ ಮಾಡಿದರೆ ‘ರೋಗಿಯ ಅನುಮತಿ ಇಲ್ಲ, ಏನೂ ಹೇಳಲಾಗದು’ ಎಂದು ಫೋನ್ ಇಟ್ಟುಬಿಡುತ್ತಾರೆ. ನಾವು ಹೇಳದಿರುವುದು ಗೋಪ್ಯತೆ. ಅವರು ಹೇಳುವುದನ್ನು ಕೇಳಿಸಿಕೊಳ್ಳಲು ಯಾವ ಕಾನೂನೂ ಅಡ್ಡಿ ಬರುವುದಿಲ್ಲ. ಹಿಂದೆ ಎಷ್ಟು ಸಲ ಆಗಿತ್ತು, ಯಾವ ಔಷಧಿ ಒಗ್ಗಿತು, ಆತ್ಮಹತ್ಯೆಗೆ ಯತ್ನಿಸಿದ್ದರೇ, ಯಾವುದಕ್ಕೆ ಅಲರ್ಜಿ, ಅವರ ವೈದ್ಯರ ಫೋನ್ ಯಾವುದು: ಹತ್ತು ನಿಮಿಷ ಕೇಳಿಸಿಕೊಂಡರೆ ಹತ್ತು ದಿನದ ತಡಕಾಟ ತಪ್ಪುತ್ತದೆ.

ಭಾಷೆಗೆ ಗೆಳೆಯರನ್ನೇ ನಂಬಬೇಡಿ. ತಮಗೆ ತೊಂದರೆಯಾಗುವ ಮಾತನ್ನು ಅವರು ನುಂಗಿಬಿಡುತ್ತಾರೆ, ಅಸಂಬದ್ಧ ಮಾತನ್ನು ಸರಿಮಾಡಿ ಹೇಳುತ್ತಾರೆ. ಆದರೆ ಆ ಅಸಂಬದ್ಧತೆಯೇ ನಮಗೆ ಬೇಕಾದ ಲಕ್ಷಣ. ಫೋನಿನ ಅನುವಾದ ಆ್ಯಪ್ ಊಟ, ನೀರು, ನೋವಿನ ಮಾತಿಗೆ ಸಾಕು, ಮನಸ್ಥಿತಿಯ ಪರೀಕ್ಷೆಗೆ ಸಾಲದು. ಪ್ರವಾಸೋದ್ಯಮ ಸಚಿವಾಲಯದ 1363 ಸಹಾಯವಾಣಿ ದಿನದ 24 ಗಂಟೆಯೂ ಜರ್ಮನ್, ಫ್ರೆಂಚ್, ರಷ್ಯನ್, ಜಪಾನಿ ಸೇರಿ 12 ಭಾಷೆಗಳಲ್ಲಿ ನಡೆಯುತ್ತದೆ. ಗೋಕರ್ಣ, ಹಂಪಿಗಳಿಗೆ ತುಂಬ ಬೇಕಾಗುವ ಹೀಬ್ರೂ ಅದರಲ್ಲಿಲ್ಲ. ಅದಕ್ಕೆ ಕಾನ್ಸುಲೇಟೇ ಗತಿ. ಸಣ್ಣ ಆಸ್ಪತ್ರೆಯ ವೈದ್ಯರಿಗೆ ಸಲಹೆ ಬೇಕಿದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿಮನಸ್ 14416 ಇದೆ. ರೋಗಿಯನ್ನು ಮುಂದೆ ಕಳಿಸಬೇಕಾದರೆ ಗೋಕರ್ಣದಿಂದ ಕಾರವಾರ ಅಥವಾ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್, ಹಂಪಿಯಿಂದ ಬಳ್ಳಾರಿ. ಘಟ್ಟ ಹತ್ತುವ ಮುನ್ನ ಫೋನಿನಲ್ಲಿ ಮಾತಾಡಿ ಹಾಸಿಗೆ ಖಾತ್ರಿ ಮಾಡಿಕೊಳ್ಳಿ.

ವಾರ್ಡಿನಲ್ಲಿ ಅಟೆಂಡರ್ ಜಾಗ ತುಂಬುವುದು ಹೀಗೆ: ಪ್ರತಿ ಪಾಳಿಯಲ್ಲೂ ಈ ರೋಗಿಗೆ ಇಂಥ ನರ್ಸ್ ಎಂದು ಹೆಸರು ಬರೆದಿಡಿ. ಪಕ್ಕದಲ್ಲಿ ಕೂರಲು ದಿನಗೂಲಿಯ ಸಹಾಯಕರನ್ನು ನೇಮಿಸಿ, ಮಹಿಳೆಗೆ ಮಹಿಳೆಯನ್ನೇ. ಪಕ್ಕದ ಹಾಸಿಗೆಯ ಅಟೆಂಡರ್‌ಗಳು ಪ್ರೀತಿಯಿಂದಲೇ ಸುತ್ತ ನೆರೆಯುತ್ತಾರೆ, ಸೆಲ್ಫಿಯನ್ನೂ ತೆಗೆಯುತ್ತಾರೆ. ತನ್ನನ್ನು ಯಾರೋ ಹಿಂಬಾಲಿಸುತ್ತಿದ್ದಾರೆ ಎಂದು ನಡುಗುತ್ತಿರುವವರಿಗೆ ಅದು ನರಕ. ಅದನ್ನು ನಿಲ್ಲಿಸಬೇಕು. ಮೆಣಸಿನಕಾಯಿ ಇಲ್ಲದ ಮೊಸರನ್ನ, ಬಾಳೆಹಣ್ಣು, ಬ್ರೆಡ್, ಮೊಹರು ಒಡೆಯದ ನೀರಿನ ಬಾಟಲಿ ಕೊಡಿ. ಊಟದಲ್ಲಿ ವಿಷವಿದೆ ಎನ್ನುವವರೂ ಕಣ್ಣೆದುರೇ ಸುಲಿದ ಬಾಳೆಹಣ್ಣು ತಿನ್ನುತ್ತಾರೆ. ದಿನಕ್ಕೊಮ್ಮೆ ಮನೆಯವರ ಜೊತೆ ವಿಡಿಯೋ ಕರೆ ಮಾಡಿಸಿ. ಒಳರೋಗಿಯಾದ ವಿದೇಶಿಯರ ಮಾಹಿತಿಯನ್ನು ಆಸ್ಪತ್ರೆಯೂ ನೋಂದಣಿ ಅಧಿಕಾರಿಗೆ ಕೊಡಬೇಕೆಂದು 2025ರ ವಲಸೆ ಮತ್ತು ವಿದೇಶಿಯರ ಕಾಯ್ದೆ ಹೇಳುತ್ತದೆ. ವೀಸಾ ಮುಗಿಯುವುದಿದ್ದರೆ ವೈದ್ಯರ ಪ್ರಮಾಣಪತ್ರ ಹಚ್ಚಿ, ವಿದೇಶಿಯರ ನೋಂದಣಿಯ ಜಾಲತಾಣವಾದ ಇ-ಎಫ್‌ಆರ್‌ಆರ್‌ಒದಲ್ಲಿ ಮೊದಲೇ ಅರ್ಜಿ ಹಾಕಿ. ಗುಣವಾದ ರೋಗಿ ಇಮಿಗ್ರೇಶನ್ ಕೌಂಟರಿನಲ್ಲಿ ಸಿಕ್ಕಿಬಿದ್ದು ಮತ್ತೆ ಕುಸಿಯುವುದು ಬೇಡ.

ವಿಮೆ ಇದ್ದರೆ ಅದರ ತುರ್ತು ಸಂಖ್ಯೆಗೆ ಮೊದಲ ದಿನವೇ ಕರೆ ಮಾಡಿ, ಹಣ ಪಾವತಿಯ ಖಾತರಿ ಪತ್ರ ಕೇಳಿ. ಹಳೆಯ ಮಾನಸಿಕ ಕಾಯಿಲೆಯನ್ನೂ ಮಾದಕ ವಸ್ತುವಿನಿಂದಾದದ್ದನ್ನೂ ಹೊರಗಿಡುವ ಪಾಲಿಸಿಗಳು ಬಹಳ. ಆದ್ದರಿಂದ ಮೊದಲ ದಿನದ ಚೀಟಿಯಲ್ಲಿ, ಖಾತ್ರಿಯಿಲ್ಲದೆ ‘ಡ್ರಗ್‌ನಿಂದಾದ ಸೈಕೋಸಿಸ್’ (ವಾಸ್ತವದ ಅರಿವು ತಪ್ಪಿಸುವ ಕಾಯಿಲೆ) ಎಂದು ಗೀಚಬೇಡಿ. ಆ ಒಂದು ಸಾಲು ಇಡೀ ಕ್ಲೇಮನ್ನು ಕೆಡವುತ್ತದೆ. ಖಾತ್ರಿಯಾಗುವವರೆಗೆ ‘ತೀವ್ರ ಸೈಕೋಸಿಸ್, ಕಾರಣ ಪರಿಶೀಲನೆಯಲ್ಲಿದೆ’ ಎಂಬುದೇ ಪ್ರಾಮಾಣಿಕ ಬರಹ.

ಇನ್ನು ಪ್ರಯಾಣ. ಅರೆಬರೆ ಶಾಂತರಾದವರನ್ನು ಮಂಪರು ಬರಿಸಿ ಹತ್ತಿಸಿದರೆ ಗೇಟಿನಲ್ಲೇ ವಿಮಾನದವರು ಇಳಿಸುತ್ತಾರೆ. ಹತ್ತಿಸಿಕೊಂಡರೂ ಮೂವತ್ತೈದು ಸಾವಿರ ಅಡಿ ಎತ್ತರದಲ್ಲಿ ಕೆರಳಿದರೆ ಹಿಡಿಯಲು ಜಾಗವಿಲ್ಲ, ಹೆಚ್ಚು ಮಂಪರಾದರೆ ಉಸಿರಿಗೆ ತೊಂದರೆ, ಗಂಟೆಗಟ್ಟಲೆ ಅಲುಗದೆ ಕೂತರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಹಲವು ದಿನ ಸತತವಾಗಿ ನಿದ್ದೆ ಸರಿಯಿದ್ದು, ಮಾತ್ರೆಯನ್ನು ತಾವೇ ನುಂಗುತ್ತ, ಪ್ರಯಾಣಕ್ಕೆ ಒಪ್ಪಿದ ಮೇಲೆ ಮಾತ್ರ ಟಿಕೆಟ್. ವಿಮಾನ ಕಂಪನಿಗೆ ಮೆಡಿಫ್ ಎಂಬ ವೈದ್ಯಕೀಯ ಅರ್ಜಿಯನ್ನು ಎರಡು-ಮೂರು ದಿನ ಮೊದಲೇ ಕಳಿಸಬೇಕು. ಜೊತೆಗೆ ಮನೋವೈದ್ಯ ವಿಭಾಗದ ನರ್ಸ್ ಅಥವಾ ವೈದ್ಯರಿರಲಿ. ರೋಗಿ ಕಿಟಕಿ ಪಕ್ಕ, ಅವರು ನಡುವಿನ ಸೀಟಿನಲ್ಲಿ. ಪಾಸ್‌ಪೋರ್ಟ್, ಮಾತ್ರೆ ಅವರ ಕೈಯಲ್ಲಿ. ಮದ್ಯ ಬೇಡ. ದುಬೈ ಮೇಲೆ ಹೋಗುವುದಾದರೆ ಡಯಾಜೆಪಾಮ್‌ನಂಥ ನಿಯಂತ್ರಿತ ಮಾತ್ರೆಗಳಿಗೆ ಯುಎಇಯ ಪೂರ್ವಾನುಮತಿ ನೋಡಿಕೊಳ್ಳಿ. ನೇರ ವಿಮಾನ ಸಿಕ್ಕರೆ ಅದೇ ಒಳ್ಳೆಯದು. ಡಿಸ್ಚಾರ್ಜ್ ಸಮ್ಮರಿ ಇಂಗ್ಲಿಷಿನಲ್ಲಿ, ಔಷಧಿಗಳ ಮೂಲ ಹೆಸರಿನಲ್ಲಿ, ಕೊನೆಯ ಡೋಸ್ ಕೊಟ್ಟ ದಿನ, ಗಂಟೆಯ ಸಮೇತ ಇರಬೇಕು.

ಇದೇ ಸ್ಥಿತಿಯಲ್ಲಿ ನಮ್ಮವರೂ ಸಿಲುಕುತ್ತಾರೆ. ಮಗಳ ಬಾಣಂತನಕ್ಕೆಂದು ಆರು ತಿಂಗಳು ಅಮೆರಿಕಕ್ಕೋ ಇಂಗ್ಲೆಂಡಿಗೋ ಹೋಗುವ ತಂದೆ-ತಾಯಿ ಅಲ್ಲಿಯ ಮನೆಯೊಳಗಿನ ಒಂಟಿತನ, ಚಳಿ, ತಲೆಕೆಳಗಾದ ನಿದ್ದೆಯಲ್ಲಿ ಕುಸಿಯುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ‘5150’ ಎಂಬ ಆದೇಶದ ಮೇಲೆ 72 ಗಂಟೆ ಆಸ್ಪತ್ರೆಯಲ್ಲಿ ಇರಿಸಬಹುದು. 1986ರ ಕಾನೂನಿನಂತೆ ಅಮೆರಿಕದ ತುರ್ತು ವಿಭಾಗಗಳು ಹಣ ಇರಲಿ ಬಿಡಲಿ ಸ್ಥಿತಿ ಸುಧಾರಿಸುವವರೆಗೆ ನೋಡಲೇಬೇಕು, ಆದರೆ ಬಿಲ್ ಆಮೇಲೆ ಬಂದೇ ಬರುತ್ತದೆ. ಇಂಗ್ಲೆಂಡಿನಲ್ಲಿ 1983ರ ಮಾನಸಿಕ ಆರೋಗ್ಯ ಕಾಯ್ದೆಯ 2ನೇ ಕಲಮಿನಡಿ 28 ದಿನದವರೆಗೆ ಕಡ್ಡಾಯವಾಗಿ ಇರಿಸಿಕೊಂಡರೆ ಆ ಚಿಕಿತ್ಸೆಗೆ ವಿದೇಶಿ ಪ್ರವಾಸಿಯಿಂದ ಹಣ ಪಡೆಯುವುದಿಲ್ಲ. ತಾವಾಗಿ ಸೇರಿದವರಿಗೆ ಈ ವಿನಾಯಿತಿ ಇಲ್ಲ. ಕೈ ಬರಿದಾದವರು ಭಾರತೀಯ ರಾಯಭಾರ ಕಚೇರಿಯ ಸಮುದಾಯ ಕಲ್ಯಾಣ ನಿಧಿಯ ನೆರವು ಕೇಳಬಹುದು. ಅಮ್ಮನಿಗೆ ಹಿಂದೆ ಖಿನ್ನತೆಗೆ ಮಾತ್ರೆ ಕೊಟ್ಟಿದ್ದು ಅಳಿಯನಿಗೆ ಗೊತ್ತಾಗಬಾರದೆಂದು ಮುಚ್ಚಿಟ್ಟು ಕಳಿಸುವ ಮನೆಗಳು ನಮ್ಮಲ್ಲಿ ಈಗಲೂ ಇವೆ. ಹೊರಡುವ ಮುನ್ನ ವೈದ್ಯರಿಂದ ಇಂಗ್ಲಿಷಿನಲ್ಲಿ ಒಂದು ಹಾಳೆ ಬರೆಸಿಕೊಳ್ಳಿ: ಕಾಯಿಲೆಯ ಹೆಸರು, ಔಷಧಿಯ ಮೂಲ ಹೆಸರು, ಪ್ರಮಾಣ, ಫೋನ್ ಸಂಖ್ಯೆ. ವಾಸದ ಅವಧಿಗೆ ಬೇಕಾದಷ್ಟು ಮಾತ್ರೆ ಕಂಪನಿಯ ಸ್ಟ್ರಿಪ್ಪಿನಲ್ಲೇ ಇರಲಿ, ಕೈಚೀಲದಲ್ಲಿರಲಿ, ಚೆಕ್-ಇನ್ ಸೂಟ್‌ಕೇಸಿಗೆ ಹಾಕಬೇಡಿ. ಆ ಹಾಳೆಯ ಒಂದು ಪ್ರತಿ ಮಗಳ ಫೋನಿನಲ್ಲೂ ಇರಲಿ.